ಕೊಡಗಿನಲ್ಲಿ ಯಾರು, ಎಲ್ಲಿ, ಏನು ಅಗೆದರು? ಗಣಿ ಇತಿಹಾಸವನ್ನು ಗ್ರಂಥಾಲಯದಲ್ಲಿ ಹುಡುಕುವ ದಾರಿ

2018ರ ಆಗಸ್ಟ್ ಮಳೆಗೆ ಜೋಡುಪಾಲ, ಮಕ್ಕಂದೂರು, ಮಾದಾಪುರ ಕಡೆ ಗುಡ್ಡಗಳು ಜಾರಿದವು. ಅಲ್ಲಿಂದ ಈಚೆಗೆ ಕೊಡಗಿನ ಜನ ನೆಲದ ಬಗ್ಗೆ ಕೇಳುವ ಪ್ರಶ್ನೆಗಳೇ ಬದಲಾಗಿವೆ. ಈ ಗುಡ್ಡವನ್ನು ಹಿಂದೆ ಯಾರಾದರೂ ಅಗೆದಿದ್ದರಾ? ಊರಿನ ಕಲ್ಲುಕೋರೆ ಶುರುವಾದದ್ದು ಯಾವಾಗ? 2024ರ ಜುಲೈ 31ರಂದು ಕೇಂದ್ರ ಸರ್ಕಾರ ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಯನ್ನು ಮತ್ತೆ ಹೊರಡಿಸಿತು. ಅಲ್ಲಿಗೆ ಈ ಪ್ರಶ್ನೆಗಳು ಇನ್ನೂ ಹತ್ತಿರ ಬಂದವು. ಆ ಕರಡಿನ ಪಟ್ಟಿಯಲ್ಲಿ ಕೊಡಗಿನ 55 ಗ್ರಾಮಗಳಿವೆ. ಪಟ್ಟಿಯೊಳಗಿನ ಜಾಗದಲ್ಲಿ ಗಣಿ, ಕಲ್ಲುಕೋರೆ, ಮರಳು ತೆಗೆಯುವುದು ಪೂರ್ತಿ ನಿಷೇಧ ಎಂದು ಕರಡು ಹೇಳುತ್ತದೆ. ಈಗ ನಡೆಯುತ್ತಿರುವ ಗಣಿಗಳು ಐದು ವರ್ಷದೊಳಗೆ, ಅಥವಾ ಗುತ್ತಿಗೆ ಮುಗಿದಾಗ, ನಿಲ್ಲಬೇಕು.

ಆದ್ದರಿಂದ ‘ನಮ್ಮೂರಲ್ಲಿ ಏನು ಅಗೆದಿದ್ದರು’ ಅನ್ನುವುದು ಈಗ ಇತಿಹಾಸ ಓದುವವರಿಗೆ ಮಾತ್ರ ಸೇರಿದ ವಿಷಯವಾಗಿ ಉಳಿದಿಲ್ಲ. ತೋಟ ಇರುವವರಿಗೆ, ಪಂಚಾಯಿತಿ ಸದಸ್ಯರಿಗೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡುವವರಿಗೆ ಉತ್ತರ ಬೇಕು. ಉತ್ತರದ ಬಹುಪಾಲು ಕಾಗದದಲ್ಲಿದೆ. ಆ ಕಾಗದವನ್ನು ಸಾಮಾನ್ಯ ಓದುಗರೂ ಹುಡುಕಿ ತೆಗೆಯಬಹುದು. ಹೇಗೆ ಅಂತ ನೋಡೋಣ.

ಗಣಿ ಅಂದರೆ ಯಾವುದು?

ಗಣಿ ಅಂದಾಕ್ಷಣ ನಮಗೆ ಕೋಲಾರ ನೆನಪಾಗುತ್ತದೆ. ಆಳದ ಸುರಂಗ, ದೊಡ್ಡ ಕಂಪನಿ, ಸಾವಿರಾರು ಕಾರ್ಮಿಕರು. ಕೊಡಗಿನಲ್ಲಿ ಅಂಥದ್ದು ಬೆಳೆಯಲಿಲ್ಲ. ಇಲ್ಲಿ ನೆಲದಿಂದ ತೆಗೆದದ್ದು ಹೆಚ್ಚಾಗಿ ಕಟ್ಟಡದ ಕಲ್ಲು, ಜಲ್ಲಿ, ಜಂಬಿಟ್ಟಿಗೆ, ಹೊಳೆಯ ಮರಳು, ಇಟ್ಟಿಗೆ ಮಣ್ಣು. ಇದರ ಜೊತೆಗೆ ಪುಷ್ಪಗಿರಿ ತಪ್ಪಲಿನಲ್ಲಿ, ದಕ್ಷಿಣ ಕನ್ನಡದ ಗಡಿಗೆ ತಾಗಿದ ಕೂಜಿಮಲೆ ಕಡೆಯ ಕಾಡಿನಲ್ಲಿ ಕದ್ದು ತೆಗೆಯುವ ಹರಳುಕಲ್ಲಿನ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ.

‘ಕೊಡಗಿನ ಗಣಿಗಳು’ ಎಂಬ ಹೆಸರಿನ ಪುಸ್ತಕ ಹುಡುಕಲು ಹೋದರೆ ಕೈಗೆ ಏನೂ ಸಿಗದೆ ಇರುವುದಕ್ಕೆ ಇದೇ ಕಾರಣ. ಇಲ್ಲಿನ ಅಗೆತದ ಕಥೆ ಕಂದಾಯ, ಕಾಡು, ರಸ್ತೆ, ಭೂವಿಜ್ಞಾನದ ಪುಸ್ತಕಗಳೊಳಗೆ ಚೂರುಚೂರಾಗಿ ಹಂಚಿಹೋಗಿದೆ.

ಕಾನೂನಿನ ಒಂದು ವಿಂಗಡಣೆ ಮೊದಲೇ ಗೊತ್ತಿರಬೇಕು. 1957ರ ಗಣಿ ಮತ್ತು ಖನಿಜ ಕಾಯ್ದೆ ಖನಿಜಗಳನ್ನು ಎರಡು ಗುಂಪು ಮಾಡುತ್ತದೆ. ಕಟ್ಟಡದ ಕಲ್ಲು, ಸಾಮಾನ್ಯ ಮರಳು, ಸಾಮಾನ್ಯ ಮಣ್ಣು ಇವೆಲ್ಲ ಉಪಖನಿಜ. ಇವುಗಳ ನಿಯಮ ಮಾಡುವ ಅಧಿಕಾರ ರಾಜ್ಯದ್ದು. ಕಬ್ಬಿಣ, ಚಿನ್ನದಂಥವು ಪ್ರಧಾನ ಖನಿಜ. ಅವುಗಳ ಮೇಲೆ ಕೇಂದ್ರದ ಹಿಡಿತ ಜಾಸ್ತಿ. ಈ ಗುಂಪುಗಳೂ ಒಂದೇ ಕಡೆ ನಿಲ್ಲುವುದಿಲ್ಲ. 2015ರ ಫೆಬ್ರವರಿಯಲ್ಲಿ ಕೇಂದ್ರ 31 ಖನಿಜಗಳನ್ನು ಉಪಖನಿಜದ ಪಟ್ಟಿಗೆ ಸೇರಿಸಿತು. ಜಂಬಿಟ್ಟಿಗೆಯ ಕಲ್ಲಾದ ಲ್ಯಾಟರೈಟ್, ಸಾಣೆಗೆ ಬಳಸುವ ಕುರಂದ, ಅಭ್ರಕ, ಕ್ವಾರ್ಟ್ಜ್ ಎಲ್ಲ ಅದರಲ್ಲಿದ್ದವು. 2025ರ ಫೆಬ್ರವರಿಯಲ್ಲಿ ಅಭ್ರಕ, ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಬೆರೈಟ್ಸ್ ಮತ್ತೆ ಪ್ರಧಾನ ಪಟ್ಟಿಗೆ ಹೋದವು. ಹಾಗಾಗಿ ಒಂದೇ ಕಲ್ಲಿನ ಲೆಕ್ಕ ಒಂದು ವರ್ಷ ಒಂದು ವರದಿಯಲ್ಲಿ, ಇನ್ನೊಂದು ವರ್ಷ ಬೇರೆ ವರದಿಯಲ್ಲಿ ಇರಬಹುದು.

ಹಳೆಯ ಪುಸ್ತಕ ಓದುವಾಗ ಇನ್ನೂ ಮುಖ್ಯವಾದ ಒಂದು ವ್ಯತ್ಯಾಸ ಇದೆ. ಖನಿಜ ‘ಕಂಡುಬಂದಿದೆ’ ಅನ್ನುವುದು ಒಂದು. ಅದಕ್ಕಾಗಿ ‘ಶೋಧ ನಡೆಯಿತು’ ಅನ್ನುವುದು ಎರಡನೆಯದು. ‘ಗಣಿ ನಡೆಯಿತು’ ಅನ್ನುವುದು ಮೂರನೆಯದು. ಹೊಳೆಯ ಮರಳಿನಲ್ಲಿ ಚಿನ್ನದ ಕಣ ಕಂಡಿತು ಎಂದು ಒಬ್ಬ ಅಧಿಕಾರಿ ಬರೆದರೆ ಅದು ಮೊದಲನೆಯದು ಅಷ್ಟೆ. ನಾಲ್ಕು ಗುಂಡಿ ತೋಡಿ ಬಿಟ್ಟು ಹೋದರೆ ಎರಡನೆಯದು. ವರ್ಷವರ್ಷ ಉತ್ಪಾದನೆಯ ಲೆಕ್ಕ, ರಾಜಧನದ (ತೆಗೆದ ಖನಿಜಕ್ಕೆ ಸರ್ಕಾರಕ್ಕೆ ಕಟ್ಟುವ ಹಣ) ಲೆಕ್ಕ ಸಿಕ್ಕಿದರೆ ಮಾತ್ರ ಮೂರನೆಯದು. ಊರಿನ ಮಾತಿನಲ್ಲಿ ಈ ಮೂರೂ ಸೇರಿ ‘ಇಲ್ಲಿ ಹಿಂದೆ ಚಿನ್ನದ ಗಣಿ ಇತ್ತಂತೆ’ ಆಗಿಬಿಡುತ್ತದೆ. ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿದ ತಕ್ಷಣ ಅದು ಈ ಮೂರರಲ್ಲಿ ಯಾವುದು ಅಂತ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ.

ಕಾಗದ ಯಾರ ಹತ್ತಿರ ಉಳಿಯಿತು?

ಕೊಡಗಿನ ವಿಷಯದಲ್ಲಿ ತುಂಬ ಜನ ದಾರಿ ತಪ್ಪುವುದು ಇಲ್ಲಿಯೇ. ಕೊಡಗು ಈಗ ಕರ್ನಾಟಕದ ಜಿಲ್ಲೆ. ಹಾಗಾಗಿ ಹಳೆಯ ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯ ಸಂಪುಟಗಳಲ್ಲಿ ಕೊಡಗಿನ ವಿಷಯ ಇರಬೇಕು ಅಂತ ಅನ್ನಿಸುತ್ತದೆ. 1894ರಲ್ಲಿ ಶುರುವಾದ ಆ ಇಲಾಖೆ ಮೈಸೂರು ಸಂಸ್ಥಾನದ ನೆಲವನ್ನು ಹಳ್ಳಿಹಳ್ಳಿಯಾಗಿ ಸರ್ವೆ ಮಾಡಿತು. ಆದರೆ ಕೊಡಗು ಆಗ ಮೈಸೂರಿಗೆ ಸೇರಿರಲಿಲ್ಲ, ಅಲ್ವಾ? ಅದು ಬ್ರಿಟಿಷ್ ಇಂಡಿಯಾದ ಪ್ರಾಂತ್ಯ. ಅಲ್ಲಿನ ಭೂವಿಜ್ಞಾನದ ಕೆಲಸ ನೋಡುತ್ತಿದ್ದದ್ದು 1851ರಲ್ಲಿ ಹುಟ್ಟಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ, ಅಂದರೆ ಜಿಎಸ್‌ಐ. ಪಕ್ಕದ ಪಿರಿಯಾಪಟ್ಟಣದ ಕಲ್ಲಿನ ಬಗ್ಗೆ ಒಂದು ಕಪಾಟು, ಕುಶಾಲನಗರದ ಕಲ್ಲಿನ ಬಗ್ಗೆ ಇನ್ನೊಂದು ಕಪಾಟು. ನಡುವೆ ಇರುವುದು ಕಾವೇರಿ ಹೊಳೆ ಮಾತ್ರ.

ಆಡಳಿತದ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1834ರವರೆಗೆ ಹಾಲೇರಿ ರಾಜರ ಆಳ್ವಿಕೆ. ಆ ವರ್ಷ ಚಿಕ್ಕ ವೀರರಾಜೇಂದ್ರನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪನಿ ಕೊಡಗನ್ನು ತೆಗೆದುಕೊಂಡಿತು. ಅದೇ ಹೊತ್ತಿಗೆ ಘಟ್ಟದ ಕೆಳಗಿನ ಅಮರ ಸುಳ್ಯ ಸೀಮೆ ಮದ್ರಾಸ್ ಸರ್ಕಾರದ ಕೆನರಾ ಜಿಲ್ಲೆಗೆ ಹೋಯಿತು. ಮೈಸೂರಿನ ಕಮಿಷನರೇ ಕೊಡಗಿನ ಮುಖ್ಯ ಅಧಿಕಾರಿಯೂ ಆಗಿದ್ದರು. 1881ರಲ್ಲಿ ಮೈಸೂರು ಮತ್ತೆ ಒಡೆಯರ ಕೈಗೆ ಬಂದ ಮೇಲೆ ಬೆಂಗಳೂರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟ್, ಅಂದರೆ ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ಸರ್ಕಾರದ ಪ್ರತಿನಿಧಿ, ಕೊಡಗಿನ ಚೀಫ್ ಕಮಿಷನರ್ ಆದರು. ಸ್ವಾತಂತ್ರ್ಯದ ನಂತರ ಕೊಡಗು ಕೆಲವು ವರ್ಷ ಪ್ರತ್ಯೇಕ ರಾಜ್ಯವಾಗಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು.

ಪಾಲಾದ ಅವಿಭಕ್ತ ಮನೆಯ ಹಳೆಯ ಪತ್ರಗಳನ್ನು ನೆನಪಿಸಿಕೊಳ್ಳಿ. ಕೆಲವು ದೊಡ್ಡಪ್ಪನ ಪೆಟ್ಟಿಗೆಯಲ್ಲಿ, ಕೆಲವು ಚಿಕ್ಕಪ್ಪನ ಕಪಾಟಿನಲ್ಲಿ, ಒಂದೆರಡು ಮದುವೆಯಾಗಿ ಹೋದ ಅತ್ತೆಯ ಮನೆಯಲ್ಲಿ. ಕೊಡಗಿನ ಕಡತಗಳೂ ಹಾಗೇ ಹಂಚಿಹೋಗಿವೆ. ರೆಸಿಡೆಂಟ್ ಕಚೇರಿಯ ಕಾಗದ ಬೇಕಾದರೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ ನೋಡಬೇಕು. ಲಂಡನ್‌ಗೆ ಹೋದ ವರದಿಗಳು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಕೊಡಗಿನ ದಾಖಲೆಗಳ ಒಂದು ಭಾಗವಿದೆ. ಸುಳ್ಯದ ಕಡೆಯ ಕಾಡಿನ ವಿಷಯವಾದರೆ ಮದ್ರಾಸ್ ಸರ್ಕಾರದ ಪುಸ್ತಕಗಳು ಬೇಕು. ದಕ್ಷಿಣ ಕೆನರಾದ ಜಿಲ್ಲಾ ಮ್ಯಾನ್ಯುಯಲ್‌ನ (ಜಿಲ್ಲೆಯ ಕೈಪಿಡಿ) ಮೊದಲ ಸಂಪುಟ ಬಂದದ್ದು 1894ರಲ್ಲಿ. ಕೂಜಿಮಲೆಯಂಥ ಗಡಿಜಾಗದ ಬಗ್ಗೆ ಕೇಳುವವರು ಕೊಡಗಿನ ಪುಸ್ತಕ ಮಾತ್ರ ನೋಡಿ ನಿಲ್ಲಿಸಬಾರದು.

ಯಾವ ವರ್ಷದ ವಿಷಯ ಬೇಕು ಅಂತ ಮೊದಲು ಗೊತ್ತುಮಾಡಿಕೊಳ್ಳಿ. ಆ ವರ್ಷ ಆ ಜಾಗವನ್ನು ಆಳುತ್ತಿದ್ದವರು ಯಾರು ಅಂತ ನೋಡಿ. ಅಲ್ಲಿಗೆ ಅರ್ಧ ಕೆಲಸ ಮುಗಿಯುತ್ತದೆ.

ಮಡಿಕೇರಿಯಿಂದಲೇ ಶುರುಮಾಡಿ

ದೆಹಲಿ, ಲಂಡನ್ ಅಂತ ಹೆದರಬೇಕಿಲ್ಲ. ಮೊದಲ ಹೆಜ್ಜೆಗೆ ಮಡಿಕೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯ, ಹತ್ತಿರದ ಕಾಲೇಜಿನ ಗ್ರಂಥಾಲಯ, ಒಂದು ಇಂಟರ್ನೆಟ್ ಸಂಪರ್ಕ ಸಾಕು.

ಮೊದಲು ತೆಗೆಯಬೇಕಾದದ್ದು ಗ್ಯಾಸೆಟಿಯರ್. ಒಂದು ಪ್ರದೇಶದ ನೆಲ, ಜನ, ಬೆಳೆ, ಇತಿಹಾಸ, ಕಂದಾಯ ಎಲ್ಲವನ್ನೂ ಸರ್ಕಾರವೇ ಬರೆಸಿದ ಪುಸ್ತಕ ಇದು. ರೆವರೆಂಡ್ ರಿಕ್ಟರ್ ಬರೆದ ಕೊಡಗಿನ ಮ್ಯಾನ್ಯುಯಲ್ 1870ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಲೂಯಿ ರೈಸ್ ಅವರ ಮೈಸೂರು ಮತ್ತು ಕೊಡಗು ಗ್ಯಾಸೆಟಿಯರ್‌ನ ಮೂರನೇ ಸಂಪುಟ ಪೂರ್ತಿ ಕೊಡಗಿನದು, 1878ರದು. ಇವೆರಡಕ್ಕೂ ಮುಂಚಿನದು ಲೆಫ್ಟಿನೆಂಟ್ ಕಾನರ್ ಅವರ ಸರ್ವೆ ವರದಿ. ರಾಜರ ಕಾಲದಲ್ಲೇ, 1817ರಲ್ಲಿ ಬರೆದದ್ದು. ಸ್ವಾತಂತ್ರ್ಯದ ನಂತರದ್ದು ಬೇಕಾದರೆ 1965ರ ಕೂರ್ಗ್ ಜಿಲ್ಲಾ ಗ್ಯಾಸೆಟಿಯರ್ ಇದೆ. ಹಳೆಯವುಗಳ ಸ್ಕ್ಯಾನ್ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಇವುಗಳಲ್ಲಿ ಖನಿಜದ ಅಧ್ಯಾಯ ಮಾತ್ರ ಓದಿ ಮುಚ್ಚಿಡಬೇಡಿ. ಕಮ್ಮಾರರು ಕಬ್ಬಿಣ ಎಲ್ಲಿಂದ ತರುತ್ತಿದ್ದರು ಎಂಬುದು ಕಸುಬಿನ ಅಧ್ಯಾಯದಲ್ಲಿರಬಹುದು. ಮನೆ ಕಟ್ಟುವ ಕಲ್ಲಿನ ಮಾತು ಊರುಗಳ ವರ್ಣನೆಯಲ್ಲಿರಬಹುದು. ಹೊರಗಿನಿಂದ ಬಂದ ಸರಕಿನ ಪಟ್ಟಿಯಲ್ಲಿ ಕಬ್ಬಿಣ, ಸುಣ್ಣ ಕಂಡರೆ ಅದೂ ಸಾಕ್ಷಿಯೇ. ಊರಲ್ಲಿ ಸಾಕಷ್ಟು ಸಿಗದ್ದನ್ನೇ ಹೊರಗಿನಿಂದ ತರಿಸುತ್ತಾರೆ.

ಗ್ಯಾಸೆಟಿಯರ್ ಬರುವುದು ಹಲವು ದಶಕಕ್ಕೊಮ್ಮೆ. ನಡುವಿನ ವರ್ಷಗಳಿಗೆ ಕೊಡಗಿನ ವಾರ್ಷಿಕ ಆಡಳಿತ ವರದಿಗಳಿವೆ. ಬ್ರಿಟಿಷ್ ಪ್ರಾಂತ್ಯಗಳ ಈ ವರದಿಗಳಿಗೆ ಒಂದು ಗೊತ್ತಾದ ಅಚ್ಚು ಇತ್ತು. ಗಣಿ ಮತ್ತು ಕಲ್ಲುಕೋರೆ ಅನ್ನುವ ಶೀರ್ಷಿಕೆಯೂ ಅದರಲ್ಲಿ ಬರುತ್ತಿತ್ತು. ಆ ಶೀರ್ಷಿಕೆಯ ಕೆಳಗೆ ‘ಏನೂ ಇಲ್ಲ’ ಅಂತ ಒಂದೇ ಸಾಲು ಇದ್ದರೂ ಬರೆದುಕೊಳ್ಳಿ. ಗುತ್ತಿಗೆ ಕೊಟ್ಟು ನಡೆಸಿದ ಗಣಿ ಆ ವರ್ಷ ಸರ್ಕಾರದ ಲೆಕ್ಕಕ್ಕೆ ಬಂದಿರಲಿಲ್ಲ ಅಂತ ಅದು ಹೇಳುತ್ತದೆ. ಮನೆ ಕಟ್ಟಲು ಊರಿನವರು ಒಡೆದ ಕಲ್ಲನ್ನು ಅದು ಲೆಕ್ಕ ಹಿಡಿದಿಲ್ಲ ಅನ್ನುವುದೂ ನೆನಪಿರಲಿ.

ಕಪಾಟು ಹುಡುಕಲು ಒಂದು ಸುಳಿವು. ಡ್ಯೂಯಿ ಪದ್ಧತಿಯಲ್ಲಿ ಪುಸ್ತಕ ಜೋಡಿಸಿದ ಗ್ರಂಥಾಲಯವಾದರೆ ಖನಿಜಗಳ ಭೂವಿಜ್ಞಾನ 553ರಲ್ಲಿ, ಗಣಿ ತಂತ್ರಜ್ಞಾನ 622ರಲ್ಲಿ, ಕರ್ನಾಟಕದ ಇತಿಹಾಸ 954.87ರಲ್ಲಿ ಇರುತ್ತದೆ. ನಮಗೆ ಬೇಕಾದದ್ದು ಈ ಮೂರೂ ಕಡೆ ಇದೆ. ಗ್ರಂಥಪಾಲಕರ ಹತ್ತಿರ ‘ಗಣಿ ಬಗ್ಗೆ ಏನಿದೆ’ ಅಂತ ಸುಮ್ನೆ ಕೇಳುವ ಬದಲು ಊರು, ವರ್ಷ, ಕಲ್ಲಿನ ಹೆಸರು ಮೂರನ್ನೂ ಹೇಳಿ ಕೇಳಿ. ಉತ್ತರ ಬೇರೆಯೇ ಇರುತ್ತದೆ.

ಖನಿಜದ ಹೆಸರು ಹಿಡಿದು ಹುಡುಕುವುದು

ಗ್ಯಾಸೆಟಿಯರ್ ಊರಿನಿಂದ ಶುರುವಾಗುತ್ತದೆ. ಭೂವಿಜ್ಞಾನದ ಪುಸ್ತಕ ಖನಿಜದಿಂದ ಶುರುವಾಗುತ್ತದೆ. ಎರಡೂ ಕಡೆಯಿಂದ ಬಂದು ನಡುವೆ ಸೇರಬೇಕು.

ಇದಕ್ಕೆ ನನ್ನ ಪ್ರಕಾರ ಅತ್ಯಂತ ಉಪಯೋಗದ ಪುಸ್ತಕ ಲಾ ಟೂಷ್ ಅವರು ಜಿಎಸ್‌ಐಗಾಗಿ ಸಿದ್ಧಪಡಿಸಿದ ಭಾರತದ ಭೂವಿಜ್ಞಾನದ ಗ್ರಂಥಸೂಚಿ. 1917 ಮತ್ತು 1918ರಲ್ಲಿ ಬಂದದ್ದು. ಅದರ ಎರಡನೇ ಕಂತು ಖನಿಜಗಳ ಸೂಚಿ. ಯಾವ ಖನಿಜವನ್ನು ಯಾವ ಪ್ರದೇಶದಲ್ಲಿ ಯಾರು ಕಂಡು ಎಲ್ಲಿ ಬರೆದರು ಎಂಬುದನ್ನು ಅದು ಒಂದೇ ಕಡೆ ಕೊಡುತ್ತದೆ. ನೂರಾರು ಸಂಪುಟ ತಿರುವಿಹಾಕುವ ಶ್ರಮವನ್ನು ಆ ಒಬ್ಬ ಮನುಷ್ಯ ನಮಗಾಗಿ ಮಾಡಿಟ್ಟಿದ್ದಾರೆ. ನೂರು ವರ್ಷ ದಾಟಿದರೂ ಅದನ್ನು ಬಳಸುವಾಗ ಕೃತಜ್ಞತೆ ಮೂಡುತ್ತದೆ.

ಅದಕ್ಕೂ ಹಿಂದಿನದು 1881ರಲ್ಲಿ ವ್ಯಾಲೆಂಟೈನ್ ಬಾಲ್ ಬರೆದ ಆರ್ಥಿಕ ಭೂವಿಜ್ಞಾನದ ಸಂಪುಟ. ಚಿನ್ನ, ಕಬ್ಬಿಣ, ಹರಳು ಹೀಗೆ ಖನಿಜವಾರು ಅಧ್ಯಾಯಗಳು, ಒಳಗೆ ಪ್ರಾಂತ್ಯವಾರು ವಿವರ. ಕುರಂದದ ಬಗ್ಗೆ ಹಾಲೆಂಡ್ ಅವರ 1898ರ ಪ್ರತ್ಯೇಕ ಪುಸ್ತಕವಿದೆ. ಕುರಂದ ಅಂದರೆ ಸಾಣೆಗೆ ಬಳಸುವ ತುಂಬ ಗಟ್ಟಿಯಾದ ಖನಿಜ. ಅದೇ ಖನಿಜ ಕೆಂಪಗೆ ತಿಳಿಯಾಗಿದ್ದರೆ ಮಾಣಿಕ್ಯ. ಕೆಂಪು ಹರಳು ಕಂಡದ್ದೆಲ್ಲ ಮಾಣಿಕ್ಯ ಆಗುವುದಿಲ್ಲ. ಗಾರ್ನೆಟ್ ಕೂಡ ಕೆಂಪಗಿರುತ್ತದೆ, ಅದರ ಬೆಲೆ ಬೇರೆ. ಹಳೆಯ ಬರಹಗಾರರು ಇವನ್ನು ಒಂದಕ್ಕೊಂದು ಬೆರೆಸಿದ್ದೂ ಇರಬಹುದು. ಬರೆದವರು ಭೂವಿಜ್ಞಾನಿಯೋ, ದಾರಿಹೋಕ ಅಧಿಕಾರಿಯೋ ನೋಡಿ ತೂಕ ಕೊಡಿ.

ಈಗಿನ ವಿವರಕ್ಕೆ ಜಿಎಸ್‌ಐನ ಜಿಲ್ಲಾ ಸಂಪನ್ಮೂಲ ನಕ್ಷೆಗಳ ಮಾಲೆ ಇದೆ. ಅದರ ಭೂಕೋಶ್ ಎಂಬ ಜಾಲತಾಣದಲ್ಲಿ ಭೂವಿಜ್ಞಾನದ ನಕ್ಷೆಗಳನ್ನು ಯಾರು ಬೇಕಾದರೂ ತೆರೆದು ನೋಡಬಹುದು.

ವೈನಾಡಿನ ಚಿನ್ನ ಕಲಿಸುವುದು

ಕೊಡಗಿನ ದಕ್ಷಿಣಕ್ಕೆ ವೈನಾಡು. 1880ರ ಹೊತ್ತಿಗೆ ಅಲ್ಲಿ ಚಿನ್ನದ ಹುಚ್ಚು ಎದ್ದಿತು. ಆಸ್ಟ್ರೇಲಿಯಾದಲ್ಲಿ ಕೆಲಸ ಮಾಡಿ ಬಂದಿದ್ದ ಬ್ರೌ ಸ್ಮಿತ್ ಆಗ್ನೇಯ ವೈನಾಡಿನ ಚಿನ್ನದ ಬಗ್ಗೆ ಸರ್ಕಾರಕ್ಕೆ ವರದಿ ಕೊಟ್ಟರು. ಲಂಡನ್‌ನಲ್ಲಿ ಸಾಲುಸಾಲು ಕಂಪನಿಗಳು ಹುಟ್ಟಿದವು, ಷೇರು ಮಾರಿದವು. ಕಾಫಿ ತೋಟದ ಭೂಮಿ ಚಿನ್ನದ ಭೂಮಿಯಾಗಿ ಕೈ ಬದಲಾಯಿಸಿತು. ಕೆಲವೇ ವರ್ಷಗಳಲ್ಲಿ ಬಹುತೇಕ ಕಂಪನಿಗಳು ಮುಳುಗಿದವು.

ಕೊಡಗಿನ ಓದುಗರಿಗೆ ಇದು ಯಾಕೆ ಮುಖ್ಯ? ಆ ವರ್ಷಗಳಲ್ಲಿ ಬರೆದ ಯಾವ ಖನಿಜ ವರದಿಯನ್ನೂ ಆ ಗಾಳಿಯಿಂದ ಬೇರ್ಪಡಿಸಿ ಓದಲಾಗದು. ಷೇರು ಮಾರುವ ಕಂಪನಿಯ ವಿವರಪತ್ರದಲ್ಲಿ ಪ್ರತಿ ಬಂಡೆಯಲ್ಲೂ ಚಿನ್ನ ಇರುತ್ತದೆ. ಅದೇ ಜಾಗದ ಬಗ್ಗೆ ಹತ್ತು ವರ್ಷದ ನಂತರ ಸರ್ಕಾರಿ ಭೂವಿಜ್ಞಾನಿ ಏನು ಬರೆದರು ಅಂತ ನೋಡಬೇಕು. ಇವೆರಡನ್ನೂ ಎದುರುಬದುರು ಇಟ್ಟಾಗ ನಿಜ ಹೊರಬರುತ್ತದೆ. ಈಗಲೂ ಯಾವುದೋ ಹಳೆಯ ಪುಟದ ಫೋಟೋ ಹಾಕಿ ‘ನಮ್ಮ ಗುಡ್ಡದಲ್ಲಿ ಚಿನ್ನ’ ಅಂತ ಸುದ್ದಿ ಹರಡಿದರೆ ಕೇಳಬೇಕಾದ ಮೊದಲ ಪ್ರಶ್ನೆ, ಆ ಪುಟ ಬರೆದವರಿಗೆ ಅದರಿಂದ ಏನು ಲಾಭವಿತ್ತು ಎಂಬುದು.

ಕಲ್ಲಿನ ಕಥೆ ರಸ್ತೆಯ ಕಡತದಲ್ಲಿ

ಕೊಡಗಿನಲ್ಲಿ ಅತಿ ಹೆಚ್ಚು ಅಗೆದದ್ದು ಕಲ್ಲು. ಕಲ್ಲಿನ ಲೆಕ್ಕವನ್ನು ಗಣಿ ಇಲಾಖೆಗಿಂತ ಮೊದಲು ಇಟ್ಟವರು ಲೋಕೋಪಯೋಗಿ ಇಲಾಖೆಯವರು. ಸಂಪಾಜೆ ಘಾಟಿ, ಪೆರುಂಬಾಡಿ ಘಾಟಿ ರಸ್ತೆಗಳಿಗೆ, ಸೇತುವೆಗಳಿಗೆ, ಕಚೇರಿ ಕಟ್ಟಡಗಳಿಗೆ ಬೇಕಾದ ಕಲ್ಲನ್ನು ದೂರದಿಂದ ಹೊತ್ತು ತರುವುದು ದುಬಾರಿ. ಹಾಗಾಗಿ ರಸ್ತೆ ಹಾದುಹೋದ ದಾರಿಯಲ್ಲೇ ಕೋರೆಗಳು ಬಿದ್ದವು. ಒಂದು ಊರಿನ ಹಳೆಯ ಕಲ್ಲುಕೋರೆಯ ವಯಸ್ಸು ಬೇಕಾದರೆ ಪಕ್ಕದ ರಸ್ತೆಯ ವಯಸ್ಸು ಹುಡುಕಿ. ಸೇತುವೆಗಳ ಅಂದಾಜುಪಟ್ಟಿಯಲ್ಲಿ ಕಲ್ಲು ತರುವ ದೂರವನ್ನೂ ಲೆಕ್ಕ ಹಾಕಿರುತ್ತಾರೆ. ಕೋರೆ ಎಲ್ಲಿತ್ತು ಅನ್ನುವುದು ಅಲ್ಲಿಂದಲೇ ತಿಳಿಯುತ್ತದೆ.

ಕಾಡಿನೊಳಗೆ ಕಲ್ಲು ಒಡೆದಿದ್ದರೆ ಅರಣ್ಯ ಇಲಾಖೆಯ ವಾರ್ಷಿಕ ವರದಿ ನೋಡಬೇಕು. ಜಮ್ಮಾ (ವಂಶಪಾರಂಪರ್ಯ ಹಿಡುವಳಿ), ಬಾಣೆ (ಗದ್ದೆಗೆ ಸೇರಿದ ಮರಗಾಡಿನ ಜಾಗ) ಜಮೀನಿನಲ್ಲಾದರೆ ಕಂದಾಯ ಸೆಟ್ಲ್‌ಮೆಂಟ್ ವರದಿಗಳು, 1899ರ ಕೊಡಗು ಭೂ ಮತ್ತು ಕಂದಾಯ ರೆಗ್ಯುಲೇಷನ್. 1957ರಿಂದ ಈಚಿನ ಊರ ಸುದ್ದಿಗೆ ಮಡಿಕೇರಿಯ ಶಕ್ತಿ ದಿನಪತ್ರಿಕೆಯ ಹಳೆಯ ಸಂಚಿಕೆಗಳಷ್ಟು ಉಪಯೋಗದ್ದು ಬೇರೆ ಇಲ್ಲ. ಕ್ವಾರಿ ವಿರುದ್ಧ ಊರವರ ದೂರು, ಹರಾಜಿನ ಪ್ರಕಟಣೆ, ಅಪಘಾತದ ಸುದ್ದಿ ಎಲ್ಲ ಮೊದಲು ಬರುವುದು ಸ್ಥಳೀಯ ಪತ್ರಿಕೆಯಲ್ಲಿ.

ನೆಲದಲ್ಲಿ ಕಾಣುವ ಗುಂಡಿಗಳೆಲ್ಲ ಗಣಿ ಆಗುವುದಿಲ್ಲ

ಕೊಡಗಿನಲ್ಲಿ ಅಗೆದ ಗುರುತುಗಳು ತುಂಬ ಇವೆ, ಆದರೆ ಅವುಗಳ ಕಾರಣ ಬೇರೆಬೇರೆ. ಹಿಂದೆ ನಾಡುಗಳು ತಮ್ಮ ಗಡಿಗೂ ರಕ್ಷಣೆಗೂ ತೋಡಿದ ಆಳದ ಕಡಂಗಗಳು ಬೆಟ್ಟದ ಮೈಯಲ್ಲಿ ಮೈಲಿಗಟ್ಟಲೆ ಓಡುತ್ತವೆ. ನೂರಾರು ವರ್ಷಗಳ ಮಳೆಗೆ ಸವೆದ ಕಡಂಗದ ಒಂದು ತುಂಡು ಮಾತ್ರ ಕಂಡರೆ ಹಳೆಯ ಗಣಿಯ ಕಾಲುವೆ ಅಂತಲೇ ಅನ್ನಿಸುತ್ತದೆ. ಕಾಫಿ ತೋಟದಲ್ಲಿ ನೀರು ಇಂಗಿಸಲು ತೆಗೆದ ತೊಟ್ಟಿಲು ಗುಂಡಿಗಳಿವೆ. ಕಾಡಂಚಿನಲ್ಲಿ ಆನೆ ಕಂದಕಗಳಿವೆ.

ಬೇರೆ ಮಾಡಿ ನೋಡಲು ನಕ್ಷೆ ಬೇಕು. ಸರ್ವೆ ಆಫ್ ಇಂಡಿಯಾದ ಹಾಳೆಗಳಲ್ಲಿ ಕೊಡಗಿನ ಹೆಚ್ಚಿನ ಭಾಗ 48ಪಿ ಸಂಖ್ಯೆಯಲ್ಲಿ ಬರುತ್ತದೆ. ಪೂರ್ವದ ಅಂಚು 57ಡಿಯಲ್ಲಿ, ದಕ್ಷಿಣದ ತುದಿ 49ಎಂನಲ್ಲಿ. ಬೇರೆಬೇರೆ ವರ್ಷದ ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಉದ್ದಕ್ಕೆ ಬೆಟ್ಟದ ಏಣು ಹಿಡಿದು ಹೋಗುವ ತೋಡು ಕಡಂಗ ಇರಬಹುದು. ಒಂದು ಕಡೆ ಬಂಡೆ ಕಡಿದ ಗೋಡೆ, ಅದರ ಬುಡದಲ್ಲಿ ಒಡೆದ ಚೂರುಗಳ ರಾಶಿ, ಅಲ್ಲಿಗೆ ಬರುವ ಗಾಡಿ ದಾರಿ ಇದ್ದರೆ ಅದು ಕೋರೆ. ನೀರು ತುಂಬಿದ ಹಳೆಯ ಕೋರೆಗೆ ಒಬ್ಬರೇ ಇಳಿಯಬೇಡಿ. ದಂಡೆ ಕುಸಿಯುತ್ತದೆ, ಆಳ ಗೊತ್ತಾಗುವುದಿಲ್ಲ.

ಕಂಪ್ಯೂಟರಿನಲ್ಲಿ ಹುಡುಕುವಾಗ ಹಳೆಯ ಹೆಸರುಗಳನ್ನೂ ಹಾಕಿ ನೋಡಿ. ಮಡಿಕೇರಿಗೆ ಮರ್ಕರಾ, ಕುಶಾಲನಗರಕ್ಕೆ ಫ್ರೇಜರ್‌ಪೇಟೆ, ವಿರಾಜಪೇಟೆಗೆ ವೀರರಾಜೇಂದ್ರಪೇಟೆ. ತಾಲ್ಲೂಕುಗಳೂ ಆಗ ಬೇರೆ: ಪಡಿನಾಲ್ಕುನಾಡು, ಯಡೆನಾಲ್ಕುನಾಡು, ಕಿಗ್ಗಟ್ಟುನಾಡು, ನಂಜರಾಜಪಟ್ಟಣ, ಏಳುಸಾವಿರ ಸೀಮೆ.

1956ರಿಂದ ಈಚೆಗೆ

ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕೊಡಗಿನ ಗಣಿ ಗುತ್ತಿಗೆಗಳು ರಾಜ್ಯದ ಇಲಾಖೆಯ ಕೈಗೆ ಬಂದವು. ಈಗ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮುಖ್ಯ ಕಚೇರಿ ಬೆಂಗಳೂರಿನ ರೇಸ್ ಕೋರ್ಸ್ ರಸ್ತೆಯ ಖನಿಜ ಭವನದಲ್ಲಿದೆ. ಉಪಖನಿಜಗಳಿಗೆ 1994ರ ಕರ್ನಾಟಕ ಉಪಖನಿಜ ರಿಯಾಯಿತಿ ನಿಯಮಗಳು ಅನ್ವಯಿಸುತ್ತವೆ. ಇಡೀ ದೇಶದ ವರ್ಷವಾರು ಅಂಕಿಗಳಿಗೆ 1948ರಲ್ಲಿ ಆರಂಭವಾದ ಭಾರತೀಯ ಗಣಿ ಬ್ಯೂರೋದ ವಾರ್ಷಿಕ ಪುಸ್ತಕಗಳಿವೆ. 2016ರ ಜನವರಿಯ ಪರಿಸರ ಅಧಿಸೂಚನೆಯ ನಂತರ ಮರಳು ಮತ್ತು ಉಪಖನಿಜಗಳಿಗೆ ಜಿಲ್ಲಾ ಸಮೀಕ್ಷಾ ವರದಿ ಕಡ್ಡಾಯ. ನದಿಯ ಯಾವ ಭಾಗದಲ್ಲಿ ಎಷ್ಟು ಮರಳಿದೆ, ಯಾರಿಗೆ ಗುತ್ತಿಗೆ ಇದೆ ಎಂಬ ವಿವರ ಅದರಲ್ಲಿ ಇರಬೇಕು.

ಈ ವರದಿಯಲ್ಲೂ ಸಿಗದ್ದನ್ನು ಮಾಹಿತಿ ಹಕ್ಕು ಅರ್ಜಿಯಲ್ಲಿ ಕೇಳಬಹುದು. ಶುಲ್ಕ ಹತ್ತು ರೂಪಾಯಿ. ಉತ್ತರಕ್ಕೆ 30 ದಿನದ ಗಡುವು. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ಕೊಡಗಿನ ಎಲ್ಲ ಗಣಿಗಳ ಮಾಹಿತಿ ಕೊಡಿ’ ಅಂತ ಬರೆದರೆ ಅರ್ಜಿ ಸುತ್ತುತ್ತಲೇ ಇರುತ್ತದೆ. ಗ್ರಾಮದ ಹೆಸರು, ಸರ್ವೆ ನಂಬರು, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ದಾಖಲೆಯ ಪ್ರತಿ ಅಂತ ಬರೆಯಿರಿ. ಗ್ರಂಥಾಲಯದಲ್ಲಿ ಕೂತು ಊರು, ವರ್ಷ, ಕಲ್ಲು ಮೂರನ್ನೂ ಮೊದಲೇ ಗೊತ್ತುಮಾಡಿಕೊಂಡಿದ್ದರೆ ಈ ನಾಲ್ಕು ಸಾಲು ಬರೆಯುವುದು ಸುಲಭ.